ನಿಂತಲ್ಲೇ ಹತ್ತುವ ಗುಡ್ಡ: ಟಿಎಂಟಿ ಬಂದ ದಾರಿ

ಕಂಪನಿ ಕೊಡುವ ವಾರ್ಷಿಕ ಹೆಲ್ತ್ ಚೆಕಪ್ ಪಟ್ಟಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಬೇಸಿಕ್ ಪ್ಯಾಕೇಜಿನಲ್ಲಿ ರಕ್ತ, ಮೂತ್ರ, ಒಂದು ಇಸಿಜಿ ಇರುತ್ತೆ. ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟರೆ ಟಿಎಂಟಿ ಸೇರಿಕೊಳ್ಳುತ್ತೆ. ಟಿಎಂಟಿ ಅಂದರೆ ಟ್ರೆಡ್‌ಮಿಲ್ ಟೆಸ್ಟ್. ಎದೆಗೆ ವೈರು ಅಂಟಿಸಿ, ಓಡುವ ಬೆಲ್ಟಿನ ಮೇಲೆ ನಡೆಸಿ, ಹೃದಯ ಹೇಗೆ ಕೆಲಸ ಮಾಡುತ್ತೆ ಅಂತ ನೋಡುವುದು. ಜಿಮ್ಮಿನಲ್ಲಿ ದಿನಾ ಓಡುವವರಿಗೆ 'ಅಷ್ಟೇನಾ' ಅನ್ನಿಸಬಹುದು. ಓಡದವರಿಗೆ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಇಬ್ಬರಿಗೂ ಆ ಕೋಣೆಯೊಳಗೆ ಏನಾಗುತ್ತೆ, ಯಾಕೆ ಹಾಗೇ ಮಾಡ್ತಾರೆ ಅಂತ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ನಮ್ಮ ಕಸುಬಿನಲ್ಲಿ ಹಳೆಯ ಕೋಡಿನ ಒಂದು ಸಾಲು ಅರ್ಥವಾಗದಿದ್ದರೆ ಅದನ್ನು ಯಾರು, ಯಾವಾಗ, ಯಾಕೆ ಬರೆದರು ಅಂತ ಹಿಂದೆ ಹೋಗಿ ಹುಡುಕುತ್ತೇವೆ. ಟಿಎಂಟಿ ಕೋಣೆಗೂ ಅದೇ ಕೆಲಸ ಮಾಡಿ ನೋಡೋಣ. ಅಲ್ಲಿರುವ ಒಂದೊಂದು ವಸ್ತುವಿಗೂ ಒಂದೊಂದು ತಾರೀಖಿದೆ.

ಮೊದಲು ಹೆಸರಿನಿಂದಲೇ ಶುರು ಮಾಡೋಣ. ಟ್ರೆಡ್‌ಮಿಲ್ ಅಂದರೆ ತುಳಿಯುವ ಗಿರಣಿ. 1818ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರ್ ಜೈಲುಗಳಿಗಾಗಿ ಒಂದು ದೊಡ್ಡ ಚಕ್ರ ಮಾಡಿದ. ಚಕ್ರದ ಹೊರಮೈ ತುಂಬಾ ಮೆಟ್ಟಿಲು. ಕೈದಿಗಳು ಸಾಲಾಗಿ ನಿಂತು ಆ ಮೆಟ್ಟಿಲು ಹತ್ತುತ್ತಲೇ ಇರಬೇಕು, ಚಕ್ರ ಕೆಳಗೆ ತಿರುಗುತ್ತಲೇ ಇರುತ್ತೆ. ಎಷ್ಟು ಹತ್ತಿದರೂ ನಿಂತಲ್ಲೇ. ಕೆಲವು ಜೈಲುಗಳಲ್ಲಿ ಅದರಿಂದ ಕಾಳು ಬೀಸಿದರು, ನೀರೆತ್ತಿದರು. ಕೆಲವು ಕಡೆ ಏನೂ ಮಾಡಲಿಲ್ಲ, ಸುಮ್ಮನೆ ಶಿಕ್ಷೆ ಅಷ್ಟೆ. 1895ರಲ್ಲಿ ಜೈಲಿಗೆ ಹೋದ ಲೇಖಕ ಆಸ್ಕರ್ ವೈಲ್ಡ್ ಕೂಡ ಇದನ್ನು ತುಳಿದವನೇ. 1898ರ ಕಾಯ್ದೆ ಈ ಶಿಕ್ಷೆಗೆ ಕೊನೆ ಹಾಡಿತು. ಟಿಎಂಟಿಯ ಮೂರನೇ ಹಂತದಲ್ಲಿ ಏದುಸಿರು ಬಿಡುವಾಗ ಇದು ನೆನಪಾದರೆ ತಪ್ಪೇನಿಲ್ಲ.

ಆದರೆ ಪರೀಕ್ಷೆಯ ನಿಜವಾದ ಬೇರು ಈ ಗಿರಣಿಗಿಂತ ಹಳೆಯದು. 1768ರಲ್ಲಿ ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯ ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಮುಂದೆ ಒಂದು ಪ್ರಬಂಧ ಓದಿದ. ತನ್ನ ಹಲವು ರೋಗಿಗಳಲ್ಲಿ ಕಂಡ ಒಂದು ಎದೆನೋವಿನ ವಿವರ ಅದರಲ್ಲಿತ್ತು. ನಡೆಯುವಾಗ ಬರುತ್ತೆ. ಏರು ಹತ್ತುವಾಗ, ಊಟವಾದ ಮೇಲೆ ನಡೆದರೆ ಇನ್ನೂ ಜಾಸ್ತಿ. ಇನ್ನೊಂದು ಹೆಜ್ಜೆ ಇಟ್ಟರೆ ಪ್ರಾಣವೇ ಹೋಗುತ್ತೆ ಅನ್ನಿಸುತ್ತೆ. ನಿಂತುಬಿಟ್ಟರೆ ಮಾಯ. ಹೆಬರ್ಡನ್ ಇದಕ್ಕೆ ಆಂಜೈನಾ ಪೆಕ್ಟೊರಿಸ್ ಅಂತ ಹೆಸರಿಟ್ಟ. ಇವತ್ತಿಗೂ ಡಾಕ್ಟರುಗಳು ಆಂಜೈನಾ ಅಂತಲೇ ಅನ್ನೋದು. ಅವನ ಹತ್ತಿರ ಇಸಿಜಿ ಇರಲಿಲ್ಲ, ಸ್ಟೆತೊಸ್ಕೋಪೂ ಇರಲಿಲ್ಲ. ರೋಗಿಗಳ ಮಾತು ಕೇಳಿಸಿಕೊಂಡೇ ಅಷ್ಟು ಬರೆದ. 'ಎಲ್ಲಿ ನೋವು' ಅಂತ ಮಾತ್ರ ಕೇಳದೆ 'ಏನು ಮಾಡುವಾಗ ಬರುತ್ತೆ, ಏನು ಮಾಡಿದರೆ ಹೋಗುತ್ತೆ' ಅಂತಲೂ ಕೇಳಿದ್ದು ಅವನ ದೊಡ್ಡ ಕೆಲಸ.

ಈ ವಿವರ ಓದಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪ. ನಮ್ಮದು ಮಲೆನಾಡಿನ ಊರು. ಮನೆ ಮೇಲೆ, ಅಡಿಕೆ ತೋಟ ಕೆಳಗೆ. ಮಧ್ಯಾಹ್ನ ಊಟ ಮುಗಿಸಿ ತೋಟಕ್ಕೆ ಇಳಿದವರು ವಾಪಸ್ ದಿಬ್ಬ ಹತ್ತುವಾಗ ಅರ್ಧ ದಾರಿಯ ಹಲಸಿನ ಮರದ ಹತ್ತಿರ ನಿಲ್ಲೋದು, ಎಲೆ ಅಡಿಕೆ ಸಂಚಿ ಬಿಚ್ಚೋದು, ಎರಡು ನಿಮಿಷ ಬಿಟ್ಟು ಮತ್ತೆ ಹತ್ತೋದು. ಕೇಳಿದರೆ, 'ಗ್ಯಾಸು ಕಣೋ, ಎದೆಗೆ ಹಿಡ್ಕಳ್ತದೆ' ಅನ್ನೋರು. ದೊಡ್ಡಮ್ಮ ಜೀರಿಗೆ ಕಷಾಯ ಮಾಡಿಕೊಡೋರು. ತೇಗು ಬಂದರೆ ಎಲ್ಲರಿಗೂ ಸಮಾಧಾನ. ನಮ್ಮ ಕಡೆ ಹೊಟ್ಟೆಯಿಂದ ಗಂಟಲಿನವರೆಗಿನ ಯಾವ ನೋವಿಗೂ 'ಗ್ಯಾಸ್ಟ್ರಿಕ್' ಅನ್ನೋ ಒಂದೇ ಹೆಸರು. ಆದರೆ ಗ್ಯಾಸಿಗೆ ದಿಬ್ಬ ಯಾವುದು, ಸಮತಟ್ಟು ಯಾವುದು ಅಂತ ಗೊತ್ತಾಗೋದಿಲ್ಲ ಅಲ್ವಾ? ಕೊನೆಗೆ ಆ ಮಾತು ಎತ್ತಿದ್ದು ತಾಲ್ಲೂಕು ಕೇಂದ್ರದ ಒಬ್ಬ ಡಾಕ್ಟರು. 'ಕೂತಾಗ ಬರುತ್ತಾ, ಹತ್ತುವಾಗ ಬರುತ್ತಾ?' ಅಂತ ಅವರು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ಕೇಳಿ ಶಿವಮೊಗ್ಗಕ್ಕೆ ಚೀಟಿ ಬರೆದರು. ಅಲ್ಲಿ ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಇತ್ತು. ಟಿಎಂಟಿಯ ಎರಡನೇ ಹಂತದಲ್ಲೇ ಮಷಿನ್ ನಿಲ್ಲಿಸಿದರು. ಆಂಜಿಯೋಗ್ರಾಂ ಮಾಡಿದರು, ಸ್ಟೆಂಟ್ ಹಾಕಿದರು. ಈಗಲೂ ದೊಡ್ಡಪ್ಪ ತೋಟಕ್ಕೆ ಇಳಿಯುತ್ತಾರೆ, ಹತ್ತುತ್ತಾರೆ.

ಮಲಗಿದಾಗ ಸರಿ ಇದ್ದ ಇಸಿಜಿ ನಡೆದಾಗ ಹೇಗೆ ಕೆಟ್ಟಿತು? ಇದಕ್ಕೆ ಮೊದಲು ಇಸಿಜಿಯ ಕಥೆ ಬೇಕು.

ಮನುಷ್ಯನ ಹೃದಯದ ವಿದ್ಯುತ್ತನ್ನು ಎದೆ ಕೊಯ್ಯದೆ ಮೊದಲು ದಾಖಲಿಸಿದ್ದು ಲಂಡನ್ನಿನ ಅಗಸ್ಟಸ್ ವಾಲರ್, 1887ರಲ್ಲಿ. ತನ್ನ ಸಾಕುನಾಯಿ ಜಿಮ್ಮಿಯ ಕಾಲುಗಳನ್ನು ಉಪ್ಪುನೀರಿನಲ್ಲಿ ನಿಲ್ಲಿಸಿ ಜನರ ಮುಂದೆ ಪ್ರದರ್ಶನ ಕೊಡುತ್ತಿದ್ದವನು ಇವನೇ. ಅದನ್ನು ಕೆಲಸಕ್ಕೆ ಬರುವ ಹಾಗೆ ಮಾಡಿದ್ದು ಹಾಲೆಂಡಿನ ಲೈಡನ್ನಿನ ವಿಲ್ಲೆಮ್ ಐಂಥೋವೆನ್. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅವನು ಮಾಡಿದ ಯಂತ್ರದ ತೂಕ ಸುಮಾರು 270 ಕೆಜಿ, ನಡೆಸಲು 5 ಜನ ಬೇಕು. ರೋಗಿ ಎರಡು ಕೈ ಮತ್ತು ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕು. ಯಂತ್ರವನ್ನು ಆಸ್ಪತ್ರೆಗೆ ಒಯ್ಯಲು ಆಗದೆ, 1905ರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ತನ್ನ ಲ್ಯಾಬಿಗೆ ಟೆಲಿಫೋನ್ ತಂತಿಯಲ್ಲೇ ಸಿಗ್ನಲ್ ತರಿಸಿಕೊಂಡ. ಇಸಿಜಿ ಹಾಳೆಯ ಉಬ್ಬುತಗ್ಗುಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಅಂತ ಹೆಸರು ಕೊಟ್ಟವನೂ ಇವನೇ. 1924ರಲ್ಲಿ ನೊಬೆಲ್ ಬಂತು.

ಆದರೆ ಕೂತಿರುವ, ಮಲಗಿರುವ ಮನುಷ್ಯನ ಇಸಿಜಿ ರಾತ್ರಿ ಎರಡು ಗಂಟೆಗೆ ತೆಗೆದ ಸರ್ವರ್ ರಿಪೋರ್ಟಿನ ಹಾಗೆ. ಬಳಕೆದಾರರೇ ಇಲ್ಲದ ಹೊತ್ತಿನಲ್ಲಿ ಎಲ್ಲ ಸರ್ವರುಗಳೂ ಚೆನ್ನಾಗೇ ಇರುತ್ತವೆ. ಹೃದಯಕ್ಕೆ ರಕ್ತ ಕೊಡುವ ನಾಳ ಅರ್ಧಕ್ಕಿಂತ ಹೆಚ್ಚು ಕಿರಿದಾಗಿದ್ದರೂ ಸುಮ್ಮನೆ ಕೂತವನಿಗೆ ಬರುವ ರಕ್ತ ಸಾಕಾಗಬಹುದು. ಏರು ಹತ್ತಿದಾಗ ಹೃದಯಕ್ಕೆ ಬೇಕಾದ ರಕ್ತ ಹಲವು ಪಟ್ಟು ಹೆಚ್ಚುತ್ತೆ. ಇನ್ನೊಂದು ತೊಡಕೂ ಇದೆ. ಹೃದಯ ತನ್ನ ಸ್ವಂತ ರಕ್ತವನ್ನು ಬಹುಪಾಲು ಪಡೆಯುವುದು ಎರಡು ಬಡಿತಗಳ ನಡುವಿನ ಬಿಡುವಿನಲ್ಲಿ. ಬಡಿತ ಜೋರಾದಷ್ಟೂ ಆ ಬಿಡುವು ಕಮ್ಮಿ. ಅಂದರೆ ಬೇಡಿಕೆ ಏರುವ ಹೊತ್ತಿಗೇ ಪೂರೈಕೆಯ ಸಮಯ ಇಳಿಯುತ್ತೆ. ಆಗ ಹೃದಯದ ಸ್ನಾಯುವಿನ ಒಳಪದರ ಮೊದಲು ಹಸಿಯುತ್ತೆ. ಇಸಿಜಿಯಲ್ಲಿ ಎಸ್ ಮತ್ತು ಟಿ ನಡುವಿನ ಸಮತಟ್ಟು ಗೆರೆ ಕೆಳಗೆ ಜಾರುತ್ತೆ. ಟಿಎಂಟಿ ಮುಖ್ಯವಾಗಿ ಹುಡುಕುವುದು ಈ ಜಾರನ್ನೇ.

ಇದನ್ನು ಬೇಕೆಂದೇ ತರಿಸಿ ನೋಡಿದವರಲ್ಲಿ ಮೊದಲಿಗರು ಅಮೆರಿಕದ ಕ್ಲೀವ್‌ಲ್ಯಾಂಡಿನ ಫೈಲ್ ಮತ್ತು ಸೀಗಲ್. 1928ರಲ್ಲಿ ಆಂಜೈನಾ ಇದ್ದ ರೋಗಿಗಳಿಗೆ ವ್ಯಾಯಾಮ ಮಾಡಿಸಿ, ನೋವು ಬಂದಾಗ ಇಸಿಜಿ ತೆಗೆದರು. ಗೆರೆ ಜಾರಿತು, ನೋವು ಹೋದ ಮೇಲೆ ವಾಪಸ್ ಬಂತು. ಮರುವರ್ಷ ನ್ಯೂಯಾರ್ಕಿನ ಆರ್ಥರ್ ಮಾಸ್ಟರ್ ತನ್ನ ಸಹೋದ್ಯೋಗಿ ಓಪನ್‌ಹೈಮರ್ ಜೊತೆ ಸೇರಿ ಒಂದು ಸರಳ ಪರೀಕ್ಷೆ ಪ್ರಕಟಿಸಿದ. 9 ಇಂಚು ಎತ್ತರದ ಎರಡು ಮೆಟ್ಟಿಲು. ಈ ಕಡೆ ಹತ್ತಿ ಆ ಕಡೆ ಇಳಿಯಬೇಕು, ತಿರುಗಿ ಮತ್ತೆ ಹತ್ತಬೇಕು. ಯಾವ ವಯಸ್ಸಿಗೆ, ಯಾವ ತೂಕಕ್ಕೆ ಎಷ್ಟು ಸಲ ಅಂತ ಕೋಷ್ಟಕ. ಶುರುವಿನಲ್ಲಿ ನಾಡಿ ಮತ್ತು ಬಿಪಿ ಮಾತ್ರ ನೋಡುತ್ತಿದ್ದರು, 1940ರ ದಶಕದಲ್ಲಿ ಇಸಿಜಿ ಸೇರಿತು. ಬಡವರ ಆಸ್ಪತ್ರೆಯಲ್ಲೂ ಒಬ್ಬ ಬಡಗಿಯಿಂದ ಮಾಡಿಸಬಹುದಾದ ಉಪಕರಣ ಇದು. ಹಲವು ದಶಕ ನಡೆಯಿತು.

ಇದರಲ್ಲಿ ಎರಡು ಕೊರತೆ ಇತ್ತು. ಇಸಿಜಿ ತೆಗೆಯುತ್ತಿದ್ದದ್ದು ಹತ್ತುವ ಮೊದಲು ಮತ್ತು ಹತ್ತಿ ಮುಗಿದು ಮಲಗಿದ ಮೇಲೆ, ಹತ್ತುವಾಗ ಅಲ್ಲ. ಎರಡನೆಯದಾಗಿ, ಮೆಟ್ಟಿಲು ಎಲ್ಲರಿಗೂ ಅದೇ ಎರಡು. ಕಾಯಿಲೆಯವನಿಗೆ ಅದು ಜಾಸ್ತಿಯಾಗಬಹುದು, ಗಟ್ಟಿಗನಿಗೆ ಏನೂ ಅನ್ನಿಸದಿರಬಹುದು.

ಈ ಎರಡನ್ನೂ ಸರಿ ಮಾಡಿದ್ದು ರಾಬರ್ಟ್ ಬ್ರೂಸ್. 1916ರಲ್ಲಿ ಹುಟ್ಟಿದ ಈ ವೈದ್ಯ 1950ರಲ್ಲಿ ಸಿಯಾಟಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಹೃದ್ರೋಗ ವಿಭಾಗ ಕಟ್ಟಲು ಬಂದ. ಹಳೆಯ ಕಾರನ್ನು ಓಡಿಸಿ ನೋಡದೆ ಕೊಳ್ಳುವುದಿಲ್ಲವಲ್ಲ, ಹೃದಯವನ್ನು ಮಾತ್ರ ಯಾಕೆ ನಿಲ್ಲಿಸಿ ನೋಡಬೇಕು ಅನ್ನುವುದು ಅವನ ವಾದ. ಅದೇ ವಿಶ್ವವಿದ್ಯಾಲಯದಲ್ಲಿ ವೇಯ್ನ್ ಕ್ವಿಂಟನ್ ಎಂಬ ಎಂಜಿನಿಯರ್ ಇದ್ದ. ಡಾಕ್ಟರುಗಳು ಕೇಳಿದ ಉಪಕರಣಗಳನ್ನು ಮಾಡಿಕೊಡುವುದು ಅವನ ಕೆಲಸ. 1950ರ ದಶಕದ ಆರಂಭದಲ್ಲಿ ಆಸ್ಪತ್ರೆಗೆ ಹೊಂದುವ ಟ್ರೆಡ್‌ಮಿಲ್ ತಯಾರಿಸಿಕೊಟ್ಟ. ಕಿಡ್ನಿ ಡಯಾಲಿಸಿಸ್‌ಗೆ ದಾರಿ ಮಾಡಿದ ಟೆಫ್ಲಾನ್ ಕೊಳವೆಯಲ್ಲೂ ಇವನ ಕೈ ಇದೆ. ಎಂಜಿನಿಯರುಗಳ ಬಗ್ಗೆ ಯಾರೂ ಹಾಡು ಕಟ್ಟೋದಿಲ್ಲ, ಅದಕ್ಕೆ ಒಂದು ಸಾಲು ಹೆಚ್ಚು ಬರೆದೆ.

1963ರಲ್ಲಿ ಬ್ರೂಸ್ ಪ್ರಕಟಿಸಿದ ಹಂತಗಳ ವಿಧಾನಕ್ಕೆ ಈಗ ಬ್ರೂಸ್ ಪ್ರೊಟೋಕಾಲ್ ಅಂತಲೇ ಹೆಸರು. ನಿಮ್ಮ ಟಿಎಂಟಿ ರಿಪೋರ್ಟಿನ ಮೇಲ್ಭಾಗದಲ್ಲಿ ಆ ಹೆಸರಿದೆಯಾ ನೋಡಿ, ಹೆಚ್ಚಿನಂಶ ಇರುತ್ತೆ. ಪ್ರತಿ ಹಂತ 3 ನಿಮಿಷ. ಮೊದಲ ಹಂತದಲ್ಲಿ ವೇಗ ಗಂಟೆಗೆ 2.7 ಕಿಮೀ, ಏರು ನೂರಕ್ಕೆ 10. ಎರಡನೆಯದರಲ್ಲಿ 4 ಕಿಮೀ, ಏರು 12. ಮೂರನೆಯದರಲ್ಲಿ 5.5 ಕಿಮೀ, ಏರು 14. ನಾಲ್ಕನೆಯದರಲ್ಲಿ 6.8 ಕಿಮೀ, ಏರು 16. ಮೂರು ಹಂತ, ಅಂದರೆ 9 ನಿಮಿಷ ಮುಗಿಸಿದರೆ ನಡೆದದ್ದು ಬರೀ 600 ಮೀಟರ್ ಚಿಲ್ಲರೆ. ಆದರೆ ಹತ್ತಿದ ಎತ್ತರ ಲೆಕ್ಕ ಹಾಕಿದರೆ ಸುಮಾರು 75 ಮೀಟರ್. ಮಹಡಿಗೆ 3 ಮೀಟರ್ ಅಂದರೂ 25 ಮಹಡಿ. ಸಮತಟ್ಟು ಬೆಲ್ಟಿನ ಮೇಲೆ ದಿನಾ ಓಡುವವರಿಗೂ ಇಲ್ಲಿ ಏದುಸಿರು ಬರುವುದು ಇದಕ್ಕೇ. ಹೆಬರ್ಡನ್ ಹೇಳಿದ ಏರುದಾರಿಯನ್ನೇ ಬ್ರೂಸ್ ಕೋಣೆಯೊಳಗೆ ತಂದು, ಅದಕ್ಕೆ ಅಳತೆ ಹಾಕಿ ಇಟ್ಟ.

ಈಗ ಕೋಣೆಯೊಳಗೆ ಹೋಗೋಣ. ಹೋಗುವ ಮೊದಲು ಎರಡು ಮೂರು ಗಂಟೆ ಹೊಟ್ಟೆ ತುಂಬಾ ತಿನ್ನಬೇಡಿ. ಕಾಫಿ, ಸಿಗರೇಟು ಬೇಡ. ನಡೆಯಲು ಸರಿಯಾದ ಶೂ ಇರಲಿ. ಬಿಪಿ ಮಾತ್ರೆ ಅಥವಾ ಹೃದಯದ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ಕೆಲವು ಮಾತ್ರೆಗಳು ಬಡಿತ ಏರಲು ಬಿಡುವುದಿಲ್ಲ, ನಿಲ್ಲಿಸಬೇಕೋ ಬೇಡವೋ ಡಾಕ್ಟರೇ ಹೇಳಬೇಕು. ಒಳಗೆ ಹೋದಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ. ಗಂಡಸರಿಗೆ ಎದೆಯ ಕೂದಲು ಅಲ್ಲಲ್ಲಿ ತೆಗೀತಾರೆ. ಹೆಂಗಸರು ಮಹಿಳಾ ಟೆಕ್ನಿಶಿಯನ್ ಬೇಕು ಅಂತ ಮೊದಲೇ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಚರ್ಮ ಉಜ್ಜಿ 10 ಎಲೆಕ್ಟ್ರೋಡ್ ಅಂಟಿಸುತ್ತಾರೆ. ಮಾಮೂಲಿ ಇಸಿಜಿಯಲ್ಲಿ ಕೈಕಾಲಿಗೆ ಹಾಕುವ ನಾಲ್ಕನ್ನು ಇಲ್ಲಿ ಭುಜ ಮತ್ತು ಸೊಂಟದ ಹತ್ತಿರ ಹಾಕುತ್ತಾರೆ. ನಡೆಯುವಾಗ ಕೈಕಾಲು ಆಡಿ ಸಿಗ್ನಲ್ ಕೆಡುತ್ತೆ ಅಂತ 1966ರಲ್ಲಿ ಮೇಸನ್ ಮತ್ತು ಲೈಕರ್ ಕಂಡುಕೊಂಡ ಉಪಾಯ ಇದು. ಐಂಥೋವೆನ್ನನ ಉಪ್ಪುನೀರಿನ ಪಾತ್ರೆ ಈಗ ಆ ಸ್ಟಿಕ್ಕರಿನ ಒಳಗಿನ ಅಂಟು ಜೆಲ್ ಆಗಿದೆ.

ಮೊದಲು ಮಲಗಿಸಿ, ಆಮೇಲೆ ನಿಲ್ಲಿಸಿ ಇಸಿಜಿ ತೆಗೀತಾರೆ. ಬೆಲ್ಟ್ ಶುರುವಾಗುತ್ತೆ. ಕಂಬಿಯನ್ನು ಹಗುರವಾಗಿ ಮುಟ್ಟಿ, ಜೋತುಬೀಳಬೇಡಿ. ಜೋತುಬಿದ್ದರೆ ಕೈ ಕೆಲಸ ಮಾಡಿ ಕಾಲಿಗೆ ಮಾರ್ಕ್ಸ್ ಸಿಗುತ್ತೆ. ಪ್ರತಿ ಹಂತಕ್ಕೂ ಬಿಪಿ ನೋಡ್ತಾರೆ. 'ಎಷ್ಟು ಸುಸ್ತು, 6ರಿಂದ 20ರೊಳಗೆ ಹೇಳಿ' ಅಂತ ಕೇಳಿದರೆ ಅದು ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಮಾಡಿದ ಅಳತೆ. 6ರಿಂದ ಯಾಕೆ ಅಂದರೆ, ಸಂಖ್ಯೆಯ ಮುಂದೆ ಒಂದು ಸೊನ್ನೆ ಹಾಕಿದರೆ ಆರೋಗ್ಯವಂತನ ಎದೆಬಡಿತ ಅಂದಾಜಿಗೆ ಬರಲಿ ಅಂತ. ಪರದೆಯ ಮೇಲೆ ಒಂದು 'ಟಾರ್ಗೆಟ್' ಇರುತ್ತೆ. 220ರಲ್ಲಿ ವಯಸ್ಸು ಕಳೆದು, ಅದರ ನೂರಕ್ಕೆ 85. ನಿಮಗೆ 35 ಆದರೆ 157. ಈ 220ರ ಸೂತ್ರ ಯಾವುದೋ ದೊಡ್ಡ ಪ್ರಯೋಗದಿಂದ ಬಂದದ್ದಲ್ಲ. 1970ರ ಆಸುಪಾಸಿನಲ್ಲಿ ಫಾಕ್ಸ್ ಮತ್ತು ಹ್ಯಾಸ್ಕೆಲ್ ಆಗಲೇ ಇದ್ದ ಅಧ್ಯಯನಗಳ ಅಂಕಿಗಳನ್ನು ಗ್ರಾಫಿನ ಮೇಲಿಟ್ಟು ಅಂದಾಜಿಗೆ ಎಳೆದ ಗೆರೆ. ಒಬ್ಬೊಬ್ಬರ ಗರಿಷ್ಠ ಬಡಿತ ಅದಕ್ಕಿಂತ ಹತ್ತು ಹನ್ನೆರಡು ಹೆಚ್ಚು ಕಮ್ಮಿ ಇರುವುದು ಮಾಮೂಲು. ಟಾರ್ಗೆಟ್ ಮುಟ್ಟಲಿಲ್ಲ ಅಂತ ನಿಮ್ಮ ಹೃದಯ ಫೇಲ್ ಆಗಲ್ಲ, ಪರೀಕ್ಷೆ ಪೂರ್ತಿ ಹೇಳಲಿಲ್ಲ ಅಂತ ಮಾತ್ರ ಅರ್ಥ.

ಎದೆ ಹಿಡಿದ ಹಾಗಾದರೆ, ತಲೆ ಸುತ್ತಿದರೆ, ಕಣ್ಣು ಕತ್ತಲಾದರೆ ತಕ್ಷಣ ಬಾಯಿಬಿಟ್ಟು ಹೇಳಿ. ಪಕ್ಕದಲ್ಲಿರುವವರ ಮುಂದೆ ಮರ್ಯಾದೆ ಅಂತ ಹಲ್ಲು ಕಚ್ಚಬೇಡಿ. ಬಿಪಿ ಏರುವ ಬದಲು ಇಳಿದರೆ, ಬಡಿತದ ಲಯ ಕೆಟ್ಟರೆ, ಗೆರೆ ಜಾಸ್ತಿ ಜಾರಿದರೆ ಅವರೇ ನಿಲ್ಲಿಸುತ್ತಾರೆ. ಬೆಲ್ಟ್ ನಿಂತ ಮೇಲೂ ಕೆಲವು ನಿಮಿಷ ವೈರು ತೆಗೆಯುವುದಿಲ್ಲ. ಕೆಲವರಲ್ಲಿ ಬದಲಾವಣೆ ಕಾಣಿಸುವುದೇ ಆಗ. ಇದರಲ್ಲಿ ಅಪಾಯ ಎಷ್ಟು? 1971ರಲ್ಲಿ ರಾಕ್‌ಮಿಸ್ ಮತ್ತು ಬ್ಲ್ಯಾಕ್‌ಬರ್ನ್ 73 ಕೇಂದ್ರಗಳ ಸುಮಾರು 1,70,000 ಪರೀಕ್ಷೆಗಳ ಲೆಕ್ಕ ತೆಗೆದರು. ಸಾವು ಸುಮಾರು 10,000ಕ್ಕೆ 1. ಅವರಲ್ಲಿ ಕಾಯಿಲೆ ಇದ್ದವರೇ ಬಹಳ ಜನ. ಡಾಕ್ಟರು ಮತ್ತು ಡಿಫಿಬ್ರಿಲೇಟರ್ ಹತ್ತಿರ ಇಲ್ಲದ ಕಡೆ ಈ ಪರೀಕ್ಷೆ ಮಾಡಿಸಬೇಡಿ ಅನ್ನೋದಕ್ಕೆ ಕಾರಣ ಈ 1.

ಇನ್ನು ರಿಪೋರ್ಟು. ನನ್ನ ಟೀಮಿನಲ್ಲಿ 34 ವರ್ಷದ ಗೆಳೆಯನೊಬ್ಬನಿದ್ದ. ಬ್ಯಾಡ್ಮಿಂಟನ್ ಆಡುವವನು, ಯಾವ ನೋವೂ ಇಲ್ಲ. ಪ್ಯಾಕೇಜಿನಲ್ಲಿ ಇದೆ ಅಂತ ಟಿಎಂಟಿ ಮಾಡಿಸಿದ, 'ಪಾಸಿಟಿವ್' ಬಂತು. ಆ ಹಾಳೆಯನ್ನು ಕೈಗೆ ಕೊಟ್ಟವರು ಬೇರೇನೂ ಹೇಳಲಿಲ್ಲ. ಎರಡು ವಾರ ಅವನು ಮಗುವನ್ನು ಎತ್ತಿಕೊಳ್ಳಲೂ ಹೆದರಿದ, ಟರ್ಮ್ ಇನ್ಶೂರೆನ್ಸ್ ಕಾಗದ ತೆಗೆದು ಹೆಂಡತಿಗೆ ತೋರಿಸಿದ. ಆಮೇಲೆ ಹೃದ್ರೋಗ ತಜ್ಞರು ಸಿಟಿ ಆಂಜಿಯೋ ಮಾಡಿಸಿ ನೋಡಿದರೆ ನಾಳಗಳು ಸ್ವಚ್ಛ.

ಇದು ಮಷಿನ್ ಕೆಟ್ಟು ಆದದ್ದಲ್ಲ, ಗಣಿತದಿಂದ ಆದದ್ದು. 1979ರಲ್ಲಿ ಡೈಮಂಡ್ ಮತ್ತು ಫಾರೆಸ್ಟರ್ ಎಂಬ ಇಬ್ಬರು ವೈದ್ಯರು ಎಂಜಿನಿಯರಿಂಗ್ ಗಣಿತದಲ್ಲಿ ನಾವೂ ಓದಿದ ಬೇಸ್ ಸೂತ್ರವನ್ನು ಈ ಪರೀಕ್ಷೆಗೆ ಹಚ್ಚಿ ತೋರಿಸಿದರು. 1989ರಲ್ಲಿ 147 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ, ಕಾಯಿಲೆ ಇರುವ 100 ಜನರಲ್ಲಿ ಸರಾಸರಿ 68 ಜನರನ್ನು ಟಿಎಂಟಿ ಹಿಡಿಯುತ್ತೆ, ಕಾಯಿಲೆ ಇಲ್ಲದ 100ರಲ್ಲಿ 77 ಜನರನ್ನು ಸರಿಯಾಗಿ ಬಿಡುತ್ತೆ ಅಂತ ಕಂಡಿತ್ತು. ಈಗ ನೋವಿಲ್ಲದ 1,000 ಯುವಕರನ್ನು ತಗೊಳ್ಳಿ, ಅವರಲ್ಲಿ 30 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಸಿಕ್ಕಿಬೀಳುವವರು 20. ಉಳಿದ 970 ಆರೋಗ್ಯವಂತರಲ್ಲಿ 223 ಜನರಿಗೂ ಪಾಸಿಟಿವ್ ಬರುತ್ತೆ. ಒಟ್ಟು 243ರಲ್ಲಿ ನಿಜ 20, ಅಂದರೆ ನೂರಕ್ಕೆ 8. ಅದೇ ದೊಡ್ಡಪ್ಪನ ಹಾಗೆ ಹತ್ತುವಾಗ ನೋವು ಬರುವ 1,000 ಹಿರಿಯರಲ್ಲಿ 600 ಜನರಿಗೆ ಕಾಯಿಲೆ ಇದೆ ಅಂದುಕೊಳ್ಳಿ. ಪಾಸಿಟಿವ್ 500 ಜನ, ಅದರಲ್ಲಿ 408 ನಿಜ, ನೂರಕ್ಕೆ 82. ಮಷಿನ್ ಅದೇ, ಬೆಲ್ಟ್ ಅದೇ. ಹತ್ತಿದವರು ಬೇರೆ, ಅದಕ್ಕೇ ಉತ್ತರದ ಅರ್ಥ ಬೇರೆ. ಹೆಂಗಸರಲ್ಲಿ ಸುಳ್ಳು ಪಾಸಿಟಿವ್ ಇನ್ನೂ ಹೆಚ್ಚು.

ನೆಗೆಟಿವ್‌ಗೂ ಮಿತಿ ಇದೆ. ನಾಳ ಸಾಕಷ್ಟು ಕಿರಿದಾಗಿದ್ದರೆ ಮಾತ್ರ ಗೆರೆ ಜಾರುತ್ತೆ. ಆದರೆ ಎಷ್ಟೋ ಹಾರ್ಟ್ ಅಟ್ಯಾಕುಗಳು ಆಗುವುದು ನಾಳವನ್ನು ಅಷ್ಟೇನೂ ಕಿರಿದು ಮಾಡದ ಕೊಬ್ಬಿನ ಪದರ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿದಾಗ. ಅದು ಮುಂಚಿನ ದಿನದ ಟಿಎಂಟಿಯಲ್ಲಿ ಕಾಣಬೇಕೆಂದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ಪರೀಕ್ಷೆಗೆ ನಿಂತ ಜನ ನಿಮಗೆ ನೆನಪಿರಬೇಕು. ಆ ಭಯ ಅರ್ಥವಾಗುವಂಥದ್ದು. ಆದರೆ ಆ ಸಾಲಿನಲ್ಲಿ ನಿಂತ ನೋವಿಲ್ಲದ ಯುವಕನಿಗೆ ಟಿಎಂಟಿ ಕೊಡಬಹುದಾದ ಭರವಸೆಯೂ ಕಮ್ಮಿ, ಕೊಡಬಹುದಾದ ಹೆದರಿಕೆಯ ಅರ್ಥವೂ ಕಮ್ಮಿ. ಲಕ್ಷಣ ಇಲ್ಲದ, ಅಪಾಯ ಕಮ್ಮಿ ಇರುವವರಿಗೆ ತಪಾಸಣೆ ಅಂತ ಇದನ್ನು ಮಾಡಬೇಡಿ ಅಂತ ಅಮೆರಿಕದ ತಜ್ಞರ ಕಾರ್ಯಪಡೆ 2018ರಲ್ಲೂ ಹೇಳಿದೆ. ಅಂಥವರಿಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಸಿಗರೇಟು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಿಗಾದರೂ ಹಾರ್ಟ್ ಅಟ್ಯಾಕ್ ಆಗಿತ್ತಾ ಅನ್ನುವ ಪ್ರಶ್ನೆ ಹೆಚ್ಚು ಕೆಲಸದ್ದು.

ಈಗಾಗಲೇ ಟಿಎಂಟಿ ಮಾಡಿಸಿದ್ದರೆ ಪಾಸಿಟಿವ್, ನೆಗೆಟಿವ್ ಪದ ಬಿಟ್ಟು ಇನ್ನೊಂದು ಸಂಖ್ಯೆ ನೋಡಿ: ಮೆಟ್ಸ್. ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕ 1 ಮೆಟ್. ಬ್ರೂಸನ ಮೂರನೇ ಹಂತ ಮುಗಿಸಿದರೆ ಸುಮಾರು 10. 2002ರಲ್ಲಿ ಮೈಯರ್ಸ್ ಮತ್ತು ಜೊತೆಗಾರರು 6,213 ಗಂಡಸರನ್ನು ಹಲವು ವರ್ಷ ಹಿಂಬಾಲಿಸಿ ಪ್ರಕಟಿಸಿದ ಲೆಕ್ಕದಲ್ಲಿ, ಒಂದೊಂದು ಮೆಟ್ ಹೆಚ್ಚಿದ್ದವರಿಗೂ ಬದುಕುಳಿಯುವ ಸಾಧ್ಯತೆ ನೂರಕ್ಕೆ 12ರಷ್ಟು ಉತ್ತಮವಾಗಿತ್ತು. ಈ ಸಂಖ್ಯೆಯನ್ನು ನಡೆದು, ಹತ್ತಿ ಏರಿಸಿಕೊಳ್ಳಬಹುದು. ಹೆಬರ್ಡನ್ನನ ರೋಗಿಯೊಬ್ಬ ದಿನಾ ಅರ್ಧ ಗಂಟೆ ಮರ ಕೊಯ್ದು ಹೆಚ್ಚುಕಮ್ಮಿ ಗುಣವಾಗಿದ್ದ ಅಂತ ಆ ಕಾಲದಲ್ಲೇ ದಾಖಲಾಗಿದೆ.

ನಮ್ಮ ವಯಸ್ಸಿನವರಿಗಿಂತ ಈ ಪರೀಕ್ಷೆ ಹೆಚ್ಚು ಬೇಕಾಗಿರುವುದು ಊರಲ್ಲಿರುವ ನಮ್ಮ ಅಪ್ಪ, ಅಮ್ಮ, ದೊಡ್ಡಪ್ಪಂದಿರಿಗೆ. ಅವರಿಗೆ ಕಂಪನಿ ಪ್ಯಾಕೇಜ್ ಇಲ್ಲ, ಗ್ಯಾಸಿನ ಮಾತ್ರೆ ಇದೆ. ಭಾನುವಾರ ಫೋನ್ ಮಾಡಿದಾಗ 'ಹುಷಾರಾ?' ಅಂದರೆ 'ಹುಷಾರು' ಅಂತಲೇ ಹೇಳ್ತಾರೆ. 'ಊಟ ಆದಮೇಲೆ ದಿಬ್ಬ ಹತ್ತುವಾಗ ಮಧ್ಯೆ ನಿಲ್ಲಬೇಕಾಗುತ್ತಾ? ನಿಂತರೆ ಹೋಗುತ್ತಾ?' ಅಂತ ಕೇಳಿ ನೋಡಿ. ಹೌದು ಅಂದರೆ ಆ ವಾರವೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ. ಕೂತಾಗಲೂ ಬರೋಕೆ ಶುರುವಾಗಿದೆ ಅಂದರೆ ಟಿಎಂಟಿಗೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.